ಕಮಾನು ಬಿಚ್ಚಿದ ಗಾಡಿ

ಟ್ರಾಲಿಯಿಂದ ಇಳಿಸುವಷ್ಟರಲ್ಲೇ ಆ ಗಾಡಿಯ ಮೇಲೆ ನನಗೆ ಸಿಟ್ಟು ಬಂದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ ನನ್ನ ತಗಡಿನ ಶೆಡ್ಡು. ಒಳಗೆ ನಿಂತರೂ ಬಿಸಿಲು, ಹೊರಗೆ ನಿಂತರೂ ಬಿಸಿಲು. ದಾಳಿಂಬೆ ಸಾಲುಗಳ ನಡುವೆ ಹೊಡೆಯಲೆಂದು ಮಾಡಿದ ಸಣ್ಣ ಟ್ರಾಕ್ಟರ್ ಅದು. ಬ್ರೇಕು ಹಿಡಿದು ಹಿಂದಿನ ಗಾಲಿ ಎರಡೂ ತಿರುಗುತ್ತಿರಲಿಲ್ಲ. ಸರಪಳಿ ಹಾಕಿ ಎಳೆದರೆ ನೆಲ ಕೆರೆಯುತ್ತ ಬಂತು. ಎಡಗಡೆಯ ಮಡ್‌ಗಾರ್ಡು ನಜ್ಜುಗುಜ್ಜಾಗಿ ಸೀಟಿಗೆ ಅಂಟಿತ್ತು, ಸ್ಟೇರಿಂಗ್ ಒಂದು ಕಡೆ ಬಾಗಿತ್ತು, ಬಾನೆಟ್ಟಿನೊಳಗೆ ಕೋಳಿ ಪುಕ್ಕ.

"ಇದೇನ್ ಗಾಡಿನೋ, ಕೋಳಿ ಗೂಡೋ?" ಎಂದೆ.

ಜೊತೆಗೆ ಬಂದಿದ್ದ ಗಂಡಸು ನಕ್ಕ. "ಗುಜರಿಗೆ ಹಾಕೂಣು ಅಂದ್ನಿರಿ ನಾನೂ. ನಮ್ಮ ವೈನಿ ಕೇಳವಲ್ಲರು."

ಅವನು ವೈನಿ ಎಂದದ್ದು ಅಣ್ಣನ ಹೆಂಡತಿಯನ್ನು. ಆಕೆ ಟ್ರಾಲಿಯ ನೆರಳಿನಲ್ಲಿ ನಿಂತಿದ್ದರು. ನಲವತ್ತರ ಆಸುಪಾಸು, ಗಿಡ್ಡ ಆಳು, ಬಣ್ಣ ಹೋದ ಇಳಕಲ್ ಸೀರೆ, ತಲೆ ಮೇಲೆ ಸೆರಗು. ನಾನು ಅಂದದ್ದು, ಮೈದುನ ನಕ್ಕದ್ದು ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ನೇರ ನನಗೇ ಹೇಳಿದರು.

"ಅಣ್ಣಾರ, ಇದನ್ನ ಮುಂದ ನಾನಽ ಹೊಡಿಬೇಕು. ನಾ ಹೊಡಿಯೂವಂಗ ಮಾಡಿ ಕೊಡ್ರಿ."

ಮಿಕ್ಕ ಸುದ್ದಿಯನ್ನು ಮೈದುನ ಹೇಳಿದ. ನಾಲ್ಕು ವರ್ಷದ ಹಿಂದೆ ಈ ಗಾಡಿ ಪಲ್ಟಿಯಾಗಿ ಅವರಣ್ಣ ಕೆಳಗೆ ಸಿಕ್ಕು ಸತ್ತ. ಅಂಥ ಗಾಡಿಯನ್ನು ಅವರ ಸೀಮೆಯಲ್ಲಿ ಮತ್ತೆ ಅಂಗಳಕ್ಕೆ ತರುವುದಿಲ್ಲ. ಬಣವಿಯ ಹಿಂದೆ, ಮೂತಿ ಗೋಡೆ ಕಡೆ ಮಾಡಿ ನಿಲ್ಲಿಸಿದ್ದರು. ಮಹಾನವಮಿಗೆ ಊರಿನ ಕುಡಗೋಲಿಗೂ ವಿಭೂತಿ ಹಚ್ಚಿದರೂ ಇದಕ್ಕೆ ಹಚ್ಚುತ್ತಿರಲಿಲ್ಲ. ಊರು ಮಲಪ್ರಭೆ ದಂಡೆಯಲ್ಲಿ, ಬಾದಾಮಿಗೆ ಹತ್ತಿರ. ಮೊದಲು ಅಲ್ಲಿಗೇ ಒಯ್ದಿದ್ದರು. ಮನುಷ್ಯನನ್ನು ತಿಂದ ಗಾಡಿ ಎಂದು ಅಲ್ಲಿಯ ಮಿಸ್ತ್ರಿಗಳು ಅದರ ನಟ್ಟಿಗೆ ಪಾನಾ ಹಚ್ಚಲು ಒಪ್ಪಲಿಲ್ಲ.

"ಮತ್ತ ಇಲ್ಲಿ ತನಕ ಯಾಕ ತಂದ್ರಿ?"

"ಹುನಗುಂದದಾಗ ಒಬ್ಬ ಶ್ಯಾಣ್ಯಾ ಮಿಸ್ತ್ರಿ ಅದಾನ ಅಂತ ನಮ್ಮನಿಯವರು ಹೇಳ್ತಿದ್ರು" ಎಂದರು ಆಕೆ.

ಹೊಗಳಿಕೆ ಯಾರಿಗೆ ಬೇಡ? ನಾನು ಹಿಗ್ಗಿದೆ. ಅವರಿಗೆ ಇದ್ದದ್ದು ಮೂರು ಎಕರೆ ದಾಳಿಂಬೆ. ಬಾಡಿಗೆ ಟ್ರಾಕ್ಟರಿನವರು ಬಾ ಎಂದಾಗ ಬರದೆ, ಔಷಧ ಹೊಡೆಯುವ ಹದ ತಪ್ಪಿದ ಮೇಲೆ ಬಂದು ನಾಲ್ಕು ವರ್ಷ ತೋಟ ಹಾಳು ಮಾಡಿದ್ದರು. ಜೂನ್ ಮೊದಲ ವಾರದ ಮಿರಗದ ಮಳೆ ಬೀಳುವುದರೊಳಗೆ ಈಕೆ ತನ್ನ ಗಾಡಿ ತಾನೇ ಹೊಡೆಯಬೇಕು, ಇಲ್ಲವಾದರೆ ತೋಟ ಲಾವಣಿಗೆ, ಅಂದರೆ ಗುತ್ತಿಗೆಗೆ, ಬೇರೆಯವರ ಕೈಗೆ. ಮನೆತನದ ಹಿರಿಯರು ಕೂತು ಹಾಗೆ ತೀರ್ಮಾನ ಮಾಡಿದ್ದರಂತೆ.

"ಲಾವಣಿಗೆ ಹ್ವಾದ್ರ ನಮ್ಮ ಹೊಲಕ್ಕ ನಾನಽ ಕೂಲಿಗೆ ಹೋಗಬೇಕು" ಎಂದರು. ಆಮೇಲೆ, ನಾನು ಕೇಳದೇ ಇದ್ದರೂ, ಗಂಡ ಸತ್ತದ್ದನ್ನು ಹೇಳಿದರು. "ಕಾಲುವಿ ಒಡ್ಡಿನ ಕಡೀದು ಒಂದು ಸಾಲು ಉಳದಿತ್ತು. ಮೋಡ ಹಾಕಿತ್ತು. ಉಣ್ಣಾಕ ಬಂದಿದ್ರು. ಅದೊಂದು ಸಾಲು ಮುಗಿಸಿಽ ಬರ್ರಿ, ಆಮ್ಯಾಲ ನೀಡ್ತೇನಿ ಅಂತ ನಾನಽ ಕಳಿಸಿದ್ನಿ."

ಕಂಠಪಾಠ ಒಪ್ಪಿಸಿದಂತೆ ಹೇಳಿದರು. ಮೈದುನ ನೆಲ ನೋಡುತ್ತ ನಿಂತ. ಊರೂ ಹಾಗೇ ಅನ್ನುತ್ತದೆ ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮರುದಿನ ಗಾಡಿ ತೊಳೆಯಲು ಕೂತೆ. ನಾಲ್ಕು ವರ್ಷದ ಮಣ್ಣು, ಗ್ರೀಸು, ಹಿಕ್ಕೆ ಸೇರಿ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಡೀಸೆಲ್ ಹಚ್ಚಿ, ಕೆರೆದು, ನೀರು ಹೊಡೆದೆ. ಹಿಂದಿನ ಅಚ್ಚಿನ ಹತ್ತಿರ ಬಂದಾಗ, ಬೋಲ್ಟು ಇರಬೇಕಾದ ತೂತುಗಳಲ್ಲಿ ಕಟ್ಟಿಗೆಯ ಬೆಣೆ ಕಂಡವು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಜಾಲಿ ಕಟ್ಟಿಗೆಯವು, ತಲೆಗೆ ಕೆಂಪು ಬಣ್ಣ.

ಒಂದು ಬೆಣೆಯ ಮಣ್ಣು ಒರೆಸಿ ಮತ್ತೆ ನೋಡಿದೆ. ಖಾಲಿ ತೂತಿನಲ್ಲಿ ಮಣ್ಣು ಹೋಗಬಾರದೆಂದು ಜಾಲಿ ಬೆಣೆ ಕೆತ್ತಿ, ಕೆಂಪು ಬಣ್ಣದಲ್ಲಿ ಅದ್ದಿ ಹೊಡೆಯುವ ಮಿಸ್ತ್ರಿ ಈ ಸುತ್ತಿನಲ್ಲಿ ನಾನೊಬ್ಬನೇ. ಅದು ನನ್ನ ಚಟ, ನನ್ನ ಜಂಬ. ಮಂದಿ ಬಿಚ್ಚಿ ಬಿಡುತ್ತಾರೆ, ನಾನು ಬೆಣೆ ಹೊಡೆದು ಕೊಡುತ್ತೇನೆ ಎಂದು ಎಷ್ಟು ಜನರ ಮುಂದೆ ಹೇಳಿಕೊಂಡಿಲ್ಲ!

ಆ ಎಂಟು ತೂತು ಕಮಾನಿನವು. ಸೀಟಿನ ಹಿಂದೆ ನಿಲ್ಲುವ ಉಕ್ಕಿನ ಕಮಾನು. ಗಾಡಿ ಪಲ್ಟಿಯಾದರೆ ಅದು ನೆಲಕ್ಕೆ ತಾಗಿ ಗಾಡಿಯನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಸೀಟಿನ ಪಟ್ಟಿ ಕಟ್ಟಿಕೊಂಡು ಕೂತವನು ಅದರೊಳಗೆ ಉಳಿಯುತ್ತಾನೆ. ಕಂಪನಿಯವರು ಹಾಕಿ ಕೊಟ್ಟದ್ದನ್ನು ದಾಳಿಂಬೆಯವರು ಮೊದಲ ವಾರದಲ್ಲೇ ಬಿಚ್ಚಿಸುತ್ತಾರೆ, ಟೊಂಗೆಗೆ ಬಡಿದು ಹಣ್ಣು ಉದುರುತ್ತವೆ ಎಂದು. ಈಗ ಆ ಮನುಷ್ಯ ನೆನಪಾದ. ಉದ್ದ ಆಳು, ನಗುಮುಖ, ಹೊಸ ಗಾಡಿಗೆ ಹಾಕಿದ ಮಾಲೆ ಇನ್ನೂ ಬಾಡಿರಲಿಲ್ಲ. "ಕಮಾನ ತಗೀರಿ ಮಿಸ್ತ್ರಿ, ಗಾಲಿನೂ ಒಂದೀಟ ಒಳಗ ಸರಸ್ರಿ, ಸಾಲು ಸಣ್ಣವು" ಎಂದಿದ್ದ. ಅರ್ಧ ತಾಸಿನ ಕೆಲಸ. ಕಮಾನು ಬಿಚ್ಚಿದೆ. ಗಾಲಿಗಳ ಡಿಸ್ಕು ತಿರುವಿ ಒಳಗೆ ಮಾಡಿದೆ. ಗಾಲಿ ಒಳಗೆ ಬಂದರೆ ಗಾಡಿ ಒಡ್ಡಿನ ಮೇಲೆ ತೋಲು ತಪ್ಪಿ ಪಲ್ಟಿಯಾಗಬಹುದು ಎಂದು ನನಗೆ ಗೊತ್ತಿಲ್ಲದ ಮಾತಲ್ಲ. ಹೇಳಲಿಲ್ಲ. ಚಹಾ ತರಿಸಿದ, ಕುಡಿದೆವು.

"ಕಮಾನ ಒಯ್ರಿ" ಎಂದಿದ್ದೆ. "ನಾ ಒಯ್ದು ಏನ್ ಮಾಡ್ಲಿ? ನೀವಽ ಇಟ್ಕೊಳ್ರಿ" ಎಂದು ಹೋಗಿದ್ದ.

ಇಟ್ಟುಕೊಂಡಿದ್ದೆ. ಗಾಡಿ ತೊಳೆಯುತ್ತ ಕೂತಲ್ಲಿಂದ ಮೂರು ಮಾರು ದೂರದಲ್ಲೇ ಅದು ನಿಂತಿತ್ತು. ಬುಡ ಸಿಮೆಂಟಿನಲ್ಲಿ ಹುಗಿದು, ಕಾಲಿಗೆ ತೂತು ಕೊರೆದು, ಮೇಲೆ ಹುಕ್ಕು ವೆಲ್ಡ್ ಮಾಡಿ, ಪಾನಾ, ಬೆಲ್ಟು, ಟ್ಯೂಬು ನೇತುಹಾಕಲು ಹಚ್ಚಿದ್ದೆ. ವರ್ಷಾ ವರ್ಷಾ ಮಹಾನವಮಿಯ ಖಂಡೇಪೂಜೆಗೆ ಮೊದಲು ವಿಭೂತಿ ಬಳಿಯುತ್ತಿದ್ದದ್ದು ಅದಕ್ಕೇ. ಬಾದಾಮಿ ಕಡೆ ಟ್ರಾಕ್ಟರ್ ಕೆಳಗೆ ಸಿಕ್ಕು ಒಬ್ಬ ಸತ್ತ ಎಂಬ ಸುದ್ದಿ ಆವತ್ತೇ ಕಿವಿಗೆ ಬಿದ್ದಿತ್ತು. ಆ ಕಡೆ ಒಂದೇ ಗಾಡಿ ಇದೆಯೇನು ಎಂದುಕೊಂಡು ಸುಮ್ಮನಾಗಿದ್ದೆ.

ಆ ದಿನ ಆಕೆಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಇಡುವುದು ಬೇಡ. ಬೆಣೆಗಳನ್ನು ಕಿತ್ತು ಒಲೆಗೆ ಹಾಕಿ ಎಂಜಿನ್ನಿಗೆ ಕೈ ಹಚ್ಚಿದೆ.

ಎಂಜಿನ್ನು ಹಿಡಿದುಬಿಟ್ಟಿತ್ತು. ಅಡ್ಡ ಬಿದ್ದಾಗ ಆಯಿಲ್ ಮೇಲೇರಿ, ಹಾಗೇ ಕೂತು, ರಿಂಗುಗಳು ಅಂಟಿದ್ದವು. ಮೂರೂ ನೋಜಲ್ ತೆಗೆದು, ಆ ತೂತುಗಳಿಂದ ಡೀಸೆಲ್ಲು ಮತ್ತು ಆಯಿಲ್ ಕೂಡಿಸಿ ಹೊಯ್ದು ನಾಲ್ಕು ದಿನ ಬಿಟ್ಟೆ. ಐದನೆಯ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಪೈಪು ಸಿಗಿಸಿ ಜಗ್ಗಿದೆ. ಅಲುಗಲಿಲ್ಲ. ಮತ್ತೆ ಹೊಯ್ದೆ, ಮತ್ತೆ ಬಿಟ್ಟೆ. ಎಂಟನೆಯ ದಿನ ಒಂದು ಬೆರಳಿನಷ್ಟು ಸರಿಯಿತು. ಜೋರು ಮಾಡಿದರೆ ರಿಂಗು ಮುರಿಯುತ್ತವೆ. ಹಿಂದೆ, ಮುಂದೆ, ಹಿಂದೆ, ಮುಂದೆ ಎಂದು ಒಂದು ದಿನವೆಲ್ಲ ತೂಗಿ ಪೂರ್ತಿ ಸುತ್ತು ತಿರುಗಿಸಿದೆ.

ಟ್ಯಾಂಕಿನ ಡೀಸೆಲ್ಲು ಅಂಟಿನ ಹಾಗಾಗಿತ್ತು. ಟ್ಯಾಂಕು ಇಳಿಸಿ, ಒಳಗೆ ಜಲ್ಲಿ ಹಾಕಿ ಕುಲುಕಿ ತುಕ್ಕು ಬಿಡಿಸಿದೆ. ಪಂಪು ಬಾಗಲಕೋಟೆಗೆ ಕಳಿಸಿದೆ. ವಾಯರು ಒಂದನ್ನೂ ಇಲಿ ಬಿಟ್ಟಿರಲಿಲ್ಲ, ಎಲ್ಲ ಹೊಸದಾಗಿ ಎಳೆದೆ. ಕ್ಲಚ್ ತುಳಿಯದೆ ಗಾಡಿ ಚಾಲೂ ಆಗಬಾರದೆಂದು ಒಂದು ಸ್ವಿಚ್ಚು ಇರುತ್ತದೆ. ನಾವು ಮಿಸ್ತ್ರಿಗಳೆಲ್ಲ ಅದನ್ನು ಕಿತ್ತು ಡೈರೆಕ್ಟ್ ಮಾಡುವವರೇ. ಈ ಸಲ ಹೊಸ ಸ್ವಿಚ್ಚು ತಂದು ಕೂರಿಸಿದೆ.

ಇಷ್ಟಾದ ಮೇಲೆ ಕ್ಲಚ್ ಕೈಕೊಟ್ಟಿತು. ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಕಚ್ಚಿತ್ತು. ಪೆಡಲ್ ಒತ್ತಿ ಕಟ್ಟಿಗೆ ಚಾಚಿ ಎರಡು ದಿನ ಇಟ್ಟರೂ ಬಿಡಲಿಲ್ಲ. ಇಡೀ ಗಾಡಿಯನ್ನು ನಡುವೆ ಬಿಚ್ಚಿ ಎರಡು ಹೋಳು ಮಾಡಬೇಕಾಯಿತು. ಮೇ ತಿಂಗಳು ಅರ್ಧ ಅದಕ್ಕೇ ಹೋಯಿತು. "ಹಾಳಾಗಿ ಹೋಗು" ಎಂದು ಗಾಡಿಗೆ ಬೈದೆ. ಬೈಗುಳ ಯಾರಿಗೆಂದು ನನಗೇ ಗೊತ್ತಿತ್ತು.

ಈ ನಡುವೆ ಆಕೆ ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು, ಅಳತೆ ಕೊಡಲು. ಉದ್ದ ಆಳಿಗೆ ಇದ್ದ ಗಾಡಿಯನ್ನು ಗಿಡ್ಡ ಆಳಿಗೆ ಒಗ್ಗಿಸಬೇಕು. ಸೀಟಿನ ಹಳಿಗೆ ಮುಂದೆ ತೂತು ಕೊರೆದೆ. ಪೆಡಲ್‌ಗಳ ಮೇಲೆ ಎರಡು ಬೆರಳು ದಪ್ಪದ ಕಟ್ಟಿಗೆಯ ತುಂಡು ಕೂರಿಸಿದೆ. ಹತ್ತಲು ಕೆಳಗೆ ಇನ್ನೊಂದು ಮೆಟ್ಟಿಲು. ಹಿಂದೆ ತಿರುಗುವ ಶಾಫ್ಟಿಗೆ ಸೆರಗು ಸಿಕ್ಕಬಾರದೆಂದು ಸುತ್ತಲೂ ತಗಡಿನ ಕವಚ. ಗಾಲಿಗಳನ್ನು ತಿರುವಿ ಮತ್ತೆ ಹೊರಗೆ ಮಾಡಿ, ತೂಕ ಕೆಳಗೆ ಇರಲೆಂದು ಟೈರಿನೊಳಗೆ ನೀರು ತುಂಬಿದೆ.

ಪ್ರತಿ ಸಲ ಬಂದಾಗಲೂ ಆಕೆ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಕೈಚೀಲವನ್ನು ಕಮಾನಿನ ಹುಕ್ಕಿಗೆ ನೇತುಹಾಕಿ, ಅದರ ಬುಡದಲ್ಲೇ ಡಬ್ಬಿಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ.

ಎಂಜಿನ್ನು ಚಾಲೂ ಆದ ದಿನ ಬಿಳಿ ಹೊಗೆ ಶೆಡ್ಡು ತುಂಬಿತು, ಆಮೇಲೆ ತಿಳಿಯಾಗಿ ಓಡಿತು. ಆಕೆಗೆ ರಸ್ತೆ ಆಚೆಯ ಬೀಳು ಹೊಲದಲ್ಲಿ ಕಲಿಸಿದೆ. ಮೊದಲ ದಿನ ನಾಲ್ಕು ಸಲ ಎಂಜಿನ್ನು ಬಂದ್ ಆಯಿತು. ಎರಡನೆಯ ದಿನ ಒಮ್ಮೆಯೂ ಆಗಲಿಲ್ಲ. ಉಳಿದದ್ದು ಕಮಾನು ಒಂದೇ.

ಬಾಗಲಕೋಟೆಯ ಡೀಲರನನ್ನು ಕೇಳಿದೆ. ಮಡಿಚುವ ಕಮಾನು ಬಂದಿದೆ, ಇದೇ ತೂತುಗಳಿಗೆ ಕೂರುತ್ತದೆ, ಆದರೆ ಕಂಪನಿಯಿಂದ ತರಿಸಲು ತಿಂಗಳು ಬೇಕು ಎಂದ. ಅಂದರೆ ಮಿರಗ ದಾಟುತ್ತದೆ. ಕವಚ ಮಾಡಿಸಿದ ಹಣ ಕೊಡಲು ಇಳಕಲ್ಲಿನ ಲೇಥ್ ಅಂಗಡಿಗೆ ಹೋದಾಗ ಅಲ್ಲಿಯ ಗೆಳೆಯನ ಮುಂದೆ ಇದನ್ನೆಲ್ಲ ತೋಡಿಕೊಂಡೆ.

"ಏ ಹುಚ್ಚಪ್ಪ, ನಿನ್ನ ಶೆಡ್ಡಿನ್ಯಾಗಽ ಐತೆಲ್ಲೋ!" ಎಂದ. "ಹುಕ್ಕ ಕಡದು, ತೂತು ತುಂಬಿ, ಬಣ್ಣಾ ಹೊಡದು ಕುಂಡ್ರಸು. ಯಾರ್ ನೋಡ್ತಾರ?"

"ತೂತು ಕೊರದ ಉಕ್ಕು, ಲೇ. ವೆಲ್ಡಿಂಗ್ ಬ್ಯಾರೆ ಆಗೇತಿ. ಗಾಡಿ ಭಾರ ಬಿದ್ರ ಅಲ್ಲೇ ಮುರಿತೈತಿ."

"ದಿನಾ ಪಲ್ಟಿ ಆಗ್ತಾವೇನಲೇ ಗಾಡಿ?"

ಈ ಮಾತಿಗೆ ಜಗಳ ಮಾಡಬೇಕಿತ್ತು. ಮಾಡದೆ ವಾಪಸು ಬಂದು, ಸಿಮೆಂಟು ಒಡೆದು ಕಮಾನು ಕಿತ್ತೆ. ಹುಕ್ಕು ಕಡಿದು, ತೂತು ತುಂಬಿ, ಗ್ರೈಂಡರ್ ಹೊಡೆದು, ಎರಡು ಕೈ ಬಣ್ಣ ಹಚ್ಚಿದೆ. ಎಂಟು ಹೊಸ ಬೋಲ್ಟು ಹಾಕಿ ಗಾಡಿಗೆ ಕೂರಿಸಿದೆ. ದೂರದಿಂದ ನೋಡಿದೆ. ಹೊಸ ಗಾಡಿಯ ಹಾಗೇ ಇತ್ತು. ಆಕೆಗೆ ತೋಟ ಉಳಿಯುತ್ತದೆ, ನನಗೆ ಮರ್ಯಾದೆ ಉಳಿಯುತ್ತದೆ, ಇನ್ನೇನು ಬೇಕು ಎಂದು ಸಮಾಧಾನ ಹೇಳಿಕೊಂಡೆ.

ಗಾಡಿ ಒಯ್ಯಲು ಆಕೆ ಒಬ್ಬರೇ ಬಂದರು. ಕೈಚೀಲ ಹಿಡಿದು ಎಂದಿನ ಜಾಗಕ್ಕೆ ಹೋದವರು, ಅಲ್ಲಿ ಒಡೆದ ಸಿಮೆಂಟು ಕಂಡು ನಿಂತರು. ಆಮೇಲೆ ಗಾಡಿಯ ಹತ್ತಿರ ಬಂದು ಕಮಾನನ್ನು ಮುಟ್ಟಿದರು.

"ಇದು ಎದಕ್ಕ ಅಣ್ಣಾರ?"

ಹೇಳಿದೆ. ಪಲ್ಟಿಯಾದರೆ ಹೀಗೆ ತಾಗುತ್ತದೆ, ಹೀಗೆ ನಿಲ್ಲುತ್ತದೆ, ಪಟ್ಟಿ ಕಟ್ಟಿಕೊಳ್ಳಬೇಕು ಎಂದು ಕೈ ಮಾಡಿ ತೋರಿಸಿದೆ. ಆಕೆ ಪೂರ್ತಿ ಕೇಳಿದರು.

"ಮೊದಲಽ ಇತ್ತೇನ್ರಿ ಇದು ನಮ್ಮ ಗಾಡಿಗೆ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಲ್ಲ ಎಂದರೆ ಈ ಹೆಣ್ಣುಮಗಳು ಆ ತೂತು ತುಂಬಿದ ಕಬ್ಬಿಣವನ್ನು ನಂಬಿಕೊಂಡು ಅದೇ ಒಡ್ಡಿನ ಮೇಲೆ ಹೋಗುತ್ತಾರೆ.

"ಇತ್ತು ಅಕ್ಕಾರ. ನಾನಽ ಬಿಚ್ಚಿದ್ನಿ. ನೀವು ಚೀಲಾ ಹಾಕ್ತಿದ್ರಲ್ಲ, ಅದಽ ಇದು. ಗಾಲಿ ಒಳಗ ಸರಿಸಿದಾಂವನೂ ನಾನಽ. ಈಗ ಬಣ್ಣಾ ಹೊಡದು ನಿಮಗಽ ವಾಪಸ್ ಹಾಕೀನಿ. ಇದು ಗಟ್ಟಿ ಇಲ್ಲ."

ರಸ್ತೆಯಲ್ಲಿ ಗ್ರಾನೈಟ್ ಕಲ್ಲಿನ ಲಾರಿ ಹೋಯಿತು. ಆಕೆ ಕಮಾನಿನ ಮೇಲಿಂದ ಕೈ ತೆಗೆದರು.

"ಅವರಽ ಬಿಚ್ಚು ಅಂದ್ರೇನು?"

"ಅವರಽ ಅಂದ್ರು. ನಾ ಬ್ಯಾಡ ಅನ್ನಲಿಲ್ಲ."

"ಇದು ಇದ್ದಿದ್ರ?"

"ಪಟ್ಟಿ ಕಟ್ಟಿದ್ರ, ಉಳೀತಿದ್ರು ಅನಸತೈತಿ."

ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಆಕೆ ಡಬ್ಬಿಯ ಮೇಲೆ ಕೂತರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

"ನಾಕ ವರ್ಸ ಆತು. ನಾ ಕಳಿಸಿದ್ದಕ್ಕ ಸತ್ರು ಅನ್ಕೊಂತ ಮುಂಜಾನೆ ಏಳ್ತೇನಿ, ಅದನ್ನಽ ಅನ್ಕೊಂತ ಮಲಗ್ತೇನಿ. ಇನ್ನ ಏನಂತ ಏಳ್ಲಿ?"

ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಬಿದ್ದು ಅಲ್ಲೇ ಉಳಿಯಿತು. ಹೇಳಿದರೆ ಆಕೆಯ ಭಾರ ಇಳಿಯುತ್ತದೆ ಎಂದು ಎಲ್ಲೋ ಒಳಗೆ ಆಸೆ ಇಟ್ಟುಕೊಂಡಿದ್ದೆ. ಇಳಿಯಲಿಲ್ಲ. ತಪ್ಪಿಸಬಹುದಾಗಿದ್ದ ಸಾವು ಎಂಬ ಇನ್ನೊಂದು ಭಾರ ಅದರ ಮೇಲೆ ಕೂತಿತು.

ಎದ್ದು ನಿಂತು, "ಇದನ್ನ ಬಿಚ್ರಿ. ಹೊಸಾದು ತರಸ್ರಿ" ಎಂದರು.

"ತಡಾ ಆಗತೈತಿ ಅಕ್ಕಾರ. ಮಿರಗ ದಾಟತೈತಿ. ನಾ ಬೇಕಾದ್ರ ಬ್ಯಾರೆ ಗಾಡಿ ತಂದು ನಿಮ್ಮ ತ್ವಾಟಾ ಹೊಡದು..."

"ನೀವು ಬರಬ್ಯಾಡ್ರಿ" ಎಂದು ಬಸ್ಸಿಗೆ ಹೋದರು.

ಅವರ ಬಸ್ಸು ಹೋಗುವುದರೊಳಗೇ ಬಿಚ್ಚಲು ಶುರು ಮಾಡಿದೆ. ಬಿಚ್ಚಿದ ಮೇಲೆ ಗ್ಯಾಸ್ ಕಟರಿನಿಂದ ಅದನ್ನು ನಾಲ್ಕು ತುಂಡು ಮಾಡಿದೆ. ಇನ್ನೊಂದು ಗಾಡಿಗೆ ಹಾಕುವ ಬುದ್ಧಿ ನನಗೇ ಬರಬಾರದಲ್ಲ. ಹಿಂದೆ ಕಮಾನು ಬಿಚ್ಚಿಸಿಕೊಂಡು ಹೋದವರು ಯಾರ್ಯಾರು ಎಂದು ನೆನಪು ಮಾಡಿ ಹನ್ನೊಂದು ಜನರಿಗೆ ಫೋನು ಹಚ್ಚಿದೆ. ಇಬ್ಬರು ತಿರುಗಿ ಹಾಕಿಸಿದರು. ಉಳಿದವರು, ಮಿಸ್ತ್ರಿಗೆ ವಯಸ್ಸಾತು ಎಂದು ನಕ್ಕರು.

ಹೊಸ ಕಮಾನು ಬರುವುದರೊಳಗೆ ಮಿರಗದ ಮಳೆ ಬಿದ್ದು ಹೋಗಿತ್ತು. ಹೆಣ್ಣಾಳು ಹಚ್ಚಿ, ತಾವೂ ಸೇರಿ, ಆಕೆ ಕೈಯಿಂದಲೇ ಕಳೆ ತೆಗೆಸಿದ್ದರಂತೆ. ಹಿರಿಯರು ಹೇಳಿದ ಮಾತಿಗೆ ಹಿರಿಯರು ನಿಂತರು. ಗಾಡಿ ಒಯ್ಯಲು ಬಂದ ಮೈದುನ ಹೇಳಿದ. ರಸ್ತೆ ಬದಿಯ ಒಂದೂವರೆ ಎಕರೆ, ಒಳ್ಳೆಯ ನೆಲ, ಲಾವಣಿಗೆ ಹೋಯಿತು. ಆಕೆಗೆ ಉಳಿದದ್ದು ಕಾಲುವೆ ಒಡ್ಡಿನ ಕಡೆಯ ಅರ್ಧ. ಅವನು ನನ್ನನ್ನು ಏನೂ ಅನ್ನಲಿಲ್ಲ. ಆಕೆ ಮನೆಯಲ್ಲಿ ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ನಾನೇ ಹೇಳಿದೆ. ಅವನು ಚಹಾದ ಕಪ್ಪನ್ನು ಕುಡಿಯದೆ ಹಾಗೇ ಇಟ್ಟು ಹೋದ.

ಮೊದಲ ಐವತ್ತು ತಾಸು ಓಡಿದ ಮೇಲೆ ಆಯಿಲ್ ಬದಲಿಸಬೇಕು. ಬರಬೇಡಿ ಎಂದವರ ತೋಟಕ್ಕೆ ಹೋಗಲು ಕಾಲು ಏಳಲಿಲ್ಲ. ಆದರೆ ನಾನು ಕಟ್ಟಿದ ಎಂಜಿನ್ನನ್ನು ಇನ್ನೊಬ್ಬರ ಕೈಗೆ ಬಿಡುವ ಮನಸ್ಸೂ ಬರಲಿಲ್ಲ. ಆಯಿಲ್ ಡಬ್ಬಿ ಕಟ್ಟಿಕೊಂಡು ಹೋದೆ.

ಆಕೆ ಗಾಡಿ ಹೊಡೆಯುತ್ತಿದ್ದರು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ. ನಾನು ಬದುವಿನಲ್ಲಿ ನಿಂತು ನೋಡಿದೆ. ಸಾಲಿನೊಳಗೆ ಕಮಾನು ಮಡಿಚಿತ್ತು. ಟೊಂಗೆಗಳು ಸೆರಗು ಸವರಿ ಹಿಂದೆ ಹೋಗುತ್ತಿದ್ದವು, ಒಂದು ಹಣ್ಣೂ ಉದುರಲಿಲ್ಲ. ಸಾಲು ಮುಗಿದು ಕಾಲುವೆ ಒಡ್ಡು ಬರುವ ಮೊದಲು ಗಾಡಿ ನಿಲ್ಲಿಸಿದರು. ಬ್ರೇಕು ಲಾಕು ಮಾಡಿ ಇಳಿದರು. ಕಮಾನು ಎತ್ತಿ ನಿಲ್ಲಿಸಿ ಪಿನ್ನು ಹಾಕಿದರು. ಹತ್ತಿ ಕೂತು ಪಟ್ಟಿ ಕಟ್ಟಿದರು. ಒಡ್ಡಿನ ಮೇಲೆ ನಿಧಾನ ತಿರುಗಿಸಿ ಮುಂದಿನ ಸಾಲಿನ ಬಾಯಿಗೆ ತಂದು ಮತ್ತೆ ನಿಲ್ಲಿಸಿದರು. ಪಟ್ಟಿ ಬಿಚ್ಚಿ, ಇಳಿದು, ಪಿನ್ನು ತೆಗೆದು, ಕಮಾನು ಮಡಿಚಿ, ಹತ್ತಿ, ಸಾಲಿನೊಳಗೆ ಹೋದರು. ಪ್ರತಿ ಸಾಲಿಗೂ ಹಾಗೇ. ಒಂದು ಸಾಲಿಗೂ ಬಿಡಲಿಲ್ಲ.

ಒಡ್ಡಿನ ಕಡೆಯ ಕೊನೆಯ ಸಾಲು ಉಳಿದಿದ್ದಾಗ ಎಂಜಿನ್ನು ಬಂದ್ ಮಾಡಿ ನನ್ನ ಕಡೆ ನೋಡಿದರು. ಈಗ ನಾನು ಅಣ್ಣಾರ ಅಲ್ಲ.

"ಮಿಸ್ತ್ರಿ, ಎಲ್ಲಾ ಸಾಲಿಗೂ ಹಿಂಗ ಇಳದು ಹತ್ತಿ ಮಾಡಿದ್ರ ದಿನಕ್ಕ ಎಷ್ಟೊತ್ತು ಹೆಚ್ಚಿಗಿ ಹಿಡೀತೈತಿ ಗೊತ್ತೇನ್ರಿ? ನಾ ನೋಡೀನಿ."

"ಎಷ್ಟ್ರಿ?"

"ಕುಂತು ಉಂಡು ಏಳೂವಷ್ಟು" ಎಂದರು. "ಅವತ್ತು ನಾವು ಉಳಸಾಕ ಹೋದ ಹೊತ್ತು ಅಷ್ಟಽ ಇತ್ರಿ."

ಆಮೇಲೆ ಕ್ಲಚ್ ತುಳಿದು ಗಾಡಿ ಚಾಲೂ ಮಾಡಿ, ಉಳಿದ ಆ ಒಂದು ಸಾಲಿಗೆ ಹೋದರು.